ತೋಟವಿಲ್ಲದ ಗಾರ್ಡನ್‌ನಲ್ಲಿ ಒಂದು ಸಂಜೆ

ನ್ಯೂಯಾರ್ಕಿನ ಒಳಾಂಗಣ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಈಗ ಇರುವುದು ಮ್ಯಾಡಿಸನ್ ಚೌಕದಲ್ಲಲ್ಲ. ಅಲ್ಲಿ ತೋಟವಂತೂ ಇಲ್ಲವೇ ಇಲ್ಲ. ಹೆಸರು ಮಾತ್ರ 1879ರದು. ಚೌಕದ ಪಕ್ಕದ ಹಳೆಯ ರೈಲು ನಿಲ್ದಾಣವೊಂದನ್ನು ಗುತ್ತಿಗೆಗೆ ಹಿಡಿದು ಪಿ.ಟಿ. ಬಾರ್ನಮ್ ಸರ್ಕಸ್ ನಡೆಸುತ್ತಿದ್ದ ಜಾಗಕ್ಕೆ ಆ ವರ್ಷ ಈ ಹೆಸರು ಬಂತು. ಅದೇ ಸ್ಥಳದಲ್ಲಿ 1890ರಲ್ಲಿ ಎರಡನೆಯ ಕಟ್ಟಡ ಎದ್ದಿತು. 1925ರಲ್ಲಿ ಮೂರನೆಯದು ಎಂಟನೆಯ ಅವೆನ್ಯೂಗೆ ಹೋಯಿತು. ನಾನು ಬ್ಯಾಸ್ಕೆಟ್‌ಬಾಲ್ ನೋಡಲು ಹೋದದ್ದು 1968ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ ನಾಲ್ಕನೆಯದಕ್ಕೆ.

ರೈಲು ನಿಲ್ದಾಣದಲ್ಲಿ ಹುಟ್ಟಿದ್ದು ಈಗ ಪೆನ್ ಸ್ಟೇಷನ್ ಎಂಬ ಇನ್ನೊಂದು ರೈಲು ನಿಲ್ದಾಣದ ನೆತ್ತಿಯ ಮೇಲೆ ಕೂತಿದೆ. ಅದರ 1910ರ ಭವ್ಯವಾದ ಕಲ್ಲಿನ ಕಟ್ಟಡವನ್ನು 1963ರಿಂದ ಕೆಡವಿ ಇದಕ್ಕೆ ಜಾಗ ಮಾಡಲಾಯಿತು; ಹಳೆಯ ಕಟ್ಟಡಗಳನ್ನು ಕಾಯುವ ಕಾನೂನನ್ನು ನಗರ 1965ರಲ್ಲಿ ತಂದದ್ದಕ್ಕೆ ಆ ನಷ್ಟದ ಸಂಕಟವೂ ಒಂದು ಕಾರಣ. ನೆಲದಡಿಯ ತಗ್ಗು ಚಾವಣಿಯ ಓಣಿಗಳಲ್ಲಿ ಜನರ ನಡುವೆ ನುಸುಳಿಕೊಂಡು ಮೇಲೆ ಬರುವಾಗ ಆ ನಷ್ಟ ಎಷ್ಟೆಂಬುದು ಮೈಗೇ ತಿಳಿಯುತ್ತದೆ.

ಒಳಗೆ ಕಾಲಿಟ್ಟ ಮೇಲೆ ಮಾತ್ರ ಸಿಟ್ಟು ಇಳಿಯಿತು. ಆಟದ ಅಂಕಣವಿರುವುದು ಐದನೆಯ ಮಹಡಿಯ ಮಟ್ಟದಲ್ಲಿ, ಹಾಗಾಗಿ ಎಸ್ಕಲೇಟರ್‌ಗಳಲ್ಲಿ ಏರಿದಷ್ಟೂ ಏರಬೇಕು. ಸರ್ಕಸ್ಸಿನ ಆನೆಗಳೂ ಹಿಂದೆ ಇಳಿಜಾರು ದಾರಿ ಹತ್ತಿಯೇ ಬರಬೇಕಿತ್ತು. ದುಂಡನೆಯ ಚಾವಣಿಯನ್ನು ಸುತ್ತಲಿಂದ ನಡುವಿಗೆ ಬಿಗಿದ ಉಕ್ಕಿನ ಕೇಬಲ್‌ಗಳು ಹೊತ್ತಿರುವುದರಿಂದ ಸುಮಾರು ಇಪ್ಪತ್ತು ಸಾವಿರ ಜನರ ಕಣ್ಣಿಗೆ ಒಂದು ಕಂಬವೂ ಅಡ್ಡವಿಲ್ಲ. ಐಸ್ ಹಾಕಿ ಋತುವಿನಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಣದ ಮರದ ಹಲಗೆಗಳ ಅಡಿಯಲ್ಲೇ ಮಂಜುಗಡ್ಡೆ ಮಲಗಿರುತ್ತದೆ. ಒಂದು ರಾತ್ರಿ ಕಳೆಯುವುದರೊಳಗೆ ಹಲಗೆಗಳನ್ನು ಎತ್ತಿ ಅಂಕಣವನ್ನೇ ಬದಲಿಸುತ್ತಾರೆ. 2011ರಿಂದ 2013ರವರೆಗೆ ನಡೆದ ನವೀಕರಣದಲ್ಲಿ ಚಾವಣಿಯಡಿ ಪ್ರೇಕ್ಷಕರು ಕೂರುವ ಎರಡು ಸೇತುವೆಗಳನ್ನು ತೂಗುಬಿಟ್ಟಿದ್ದಾರೆ. ಟಿಕೆಟ್ ಕೊಳ್ಳುವವರು ನೋಟಕ್ಕೆ ಅವು ಅಡ್ಡ ಬರುವ ಹಿಂದಿನ ಮೇಲ್ಸಾಲುಗಳನ್ನು ಬಿಡುವುದು ಲೇಸು.

ವಿರಾಮದಲ್ಲಿ ನನ್ನ ಮನಸ್ಸು ಆಟದಲ್ಲಿರಲಿಲ್ಲ. 1971ರ ಮಾರ್ಚ್‌ನಲ್ಲಿ ಬಾಕ್ಸರ್‌ಗಳಾದ ಅಲಿ ಮತ್ತು ಫ್ರೇಜಿಯರ್ ಸೆಣಸಿದ್ದು ಇಲ್ಲೇ; ಅದೇ ವರ್ಷದ ಆಗಸ್ಟ್ 1ರಂದು ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಕಛೇರಿಗೆ ಕೂತದ್ದೂ ಇಲ್ಲೇ. ಶ್ರುತಿ ಕೂಡಿಸಿದ್ದಕ್ಕೇ ಸಭೆ ಚಪ್ಪಾಳೆ ತಟ್ಟಿತಂತೆ. ಇನ್ನು ನುಡಿಸುವುದನ್ನು ಕೇಳಿದರೆ ಮತ್ತಷ್ಟು ಮೆಚ್ಚುತ್ತೀರೇನೋ ಎಂದು ರವಿಶಂಕರ್ ನಗೆಯಾಡಿದ್ದರು.

ಕೆಳಗಿನ ನಿಲ್ದಾಣವನ್ನು ಸುಧಾರಿಸುವ ಮಾತು ನಡೆದಿರುವುದರಿಂದ 2023ರಲ್ಲಿ ನಗರಸಭೆ ಇದಕ್ಕೆ ಐದೇ ವರ್ಷಗಳ ಪರವಾನಗಿ ಕೊಟ್ಟಿತು. ನೋಡಬೇಕೆಂದಿರುವವರು ಹೆಚ್ಚು ಕಾಯದೆ ಹೋಗಿಬರಬಹುದು. ದುಬಾರಿಯಾದರೂ ನಡುಭಾಗದ ಸೀಟನ್ನೇ ಹಿಡಿಯಿರಿ.