ಪ್ರಿಂಟರ್ ವೈಫೈ ಹಿಡಿಯುತ್ತಿಲ್ಲವೇ? ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ

ಹೊಸ ಪ್ರಿಂಟರ್ ಮನೆಯ ವೈಫೈಗೆ ಸೇರದೆ ಸತಾಯಿಸುತ್ತಿದ್ದರೆ ಏನು ಬೇಕಾದರೂ ಮಾಡಿ, ಕಂಪನಿಯ ಹೆಸರಿನ ಜೊತೆ ‘ಕಸ್ಟಮರ್ ಕೇರ್ ನಂಬರ್’ ಅಂತ ಗೂಗಲ್‌ನಲ್ಲಿ ಹೊಡೆದು, ಮೇಲೆ ಕಂಡ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ತುಮಕೂರಿನ ಬಟವಾಡಿ ಕಡೆ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಮಾಡಿ ನಲವತ್ತು ಸಾವಿರಕ್ಕಿಂತ ಹೆಚ್ಚು ಕಳೆದುಕೊಂಡರು. ಅವರ ಪ್ರಿಂಟರ್ ಚೆನ್ನಾಗಿಯೇ ಇತ್ತು. ರೂಟರ್‌ನಲ್ಲಿ ಮತ್ತು ಫೋನಿನಲ್ಲಿ ಒಂದೆರಡು ಸೆಟ್ಟಿಂಗ್ ಬದಲಿಸಿದ್ದರೆ ಮುಗಿದುಹೋಗುತ್ತಿದ್ದ ಕೆಲಸ. ಮೋಸ ನಡೆದ ರೀತಿ, ಪ್ರಿಂಟರ್ ಸೇರದಿದ್ದ ನಿಜವಾದ ಕಾರಣ, ಎರಡನ್ನೂ ಇಲ್ಲಿ ಬಿಡಿಸಿ ಬರೆದಿದೆ. ಕಾರಣ ಗೊತ್ತಿದ್ದವರನ್ನು ಈ ರೀತಿ ಬೀಳಿಸುವುದು ಕಷ್ಟ.

ಮೇಷ್ಟ್ರು ಇಂಕ್ ಟ್ಯಾಂಕ್ ಪ್ರಿಂಟರ್ ತಂದದ್ದು ಪಹಣಿ, ಮೊಮ್ಮಗಳ ಶಾಲೆಯ ಪ್ರಾಜೆಕ್ಟ್, ಹೀಗೆ ಮನೆಯ ಕೆಲಸಕ್ಕೆ. ಇಂಕ್ ತುಂಬಿದ್ದಾಯಿತು, ಹೆಡ್ ಅಲೈನ್ ಮಾಡಿದ್ದಾಯಿತು. ಫೋನಿನ ಆ್ಯಪ್ ಮಾತ್ರ ‘ಪ್ರಿಂಟರ್ ಹುಡುಕಲಾಗುತ್ತಿದೆ’ ಅಂತ ಸುತ್ತುತ್ತಲೇ ಇತ್ತು. ಆಗ ಗೂಗಲ್‌ನಲ್ಲಿ ಹುಡುಕಿದರು. ಮೊದಲು ಬಂದದ್ದು ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರದ ಕೆಳಗಿದ್ದ ಜಾಹೀರಾತು. ಒತ್ತಿದರೆ ಕಂಪನಿಯದೇ ಬಣ್ಣ, ಕಂಪನಿಯದೇ ಲೋಗೋ. ಮಾಡೆಲ್ ನಂಬರ್ ಹಾಕಿದರೆ ‘ಡ್ರೈವರ್ ಇನ್‌ಸ್ಟಾಲ್ ಆಗುತ್ತಿದೆ’ ಅಂತ ಹಸಿರು ಪಟ್ಟಿ ಓಡುತ್ತದೆ (ಡ್ರೈವರ್ ಅಂದರೆ ಪ್ರಿಂಟರ್ ನಡೆಸಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್), ಕೊನೆಯ ಹತ್ತಿರ ನಿಂತು ಕೆಂಪಾಗುತ್ತದೆ: ‘ಡ್ರೈವರ್ ಎರರ್, ಕೂಡಲೇ ತಂತ್ರಜ್ಞರನ್ನು ಸಂಪರ್ಕಿಸಿ’. ಕೆಳಗೆ 1800ರಿಂದ ಶುರುವಾಗುವ ನಂಬರ್.

ಆ ಪಟ್ಟಿ ಬರೀ ಚಿತ್ರ. ಏನೂ ಇನ್‌ಸ್ಟಾಲ್ ಆಗುತ್ತಿರುವುದಿಲ್ಲ. ಯಾವ ಮಾಡೆಲ್ ಹಾಕಿದರೂ, ಇಲ್ಲದ ಮಾಡೆಲ್ ಹಾಕಿದರೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಅನುಮಾನ ಬಂದರೆ ಬಾಯಿಗೆ ಬಂದ ಅಕ್ಷರ ಹೊಡೆದು ನೋಡಿ, ಅದಕ್ಕೂ ‘ಡ್ರೈವರ್ ಸಿಕ್ಕಿದೆ’ ಅನ್ನುತ್ತದೆ.

ಫೋನಿನಲ್ಲಿ ಸಿಕ್ಕವನು ಬಲು ವಿನಯದವನು. ಕಂಪ್ಯೂಟರಿಗೆ ಎನಿಡೆಸ್ಕ್ ಎಂಬ, ದೂರದಿಂದಲೇ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿ, ಅದರಲ್ಲಿ ಕಾಣುವ ನಂಬರ್ ಕೇಳಿ, ‘ಅಕ್ಸೆಪ್ಟ್’ ಒತ್ತಿಸಿದ. ಎನಿಡೆಸ್ಕ್ ಕಳ್ಳ ಆ್ಯಪ್ ಅಲ್ಲ, ಆಫೀಸುಗಳಲ್ಲಿ ದಿನವೂ ಬಳಸುತ್ತಾರೆ. ಆದರೆ ಆ ನಂಬರ್ ಕೊಟ್ಟು ಒಪ್ಪಿಗೆ ಒತ್ತಿದರೆ ಕೀಬೋರ್ಡು, ಮೌಸು ಎರಡೂ ಎದುರಿನವನ ಕೈಗೆ ಹೋದಂತೆ. ಇದೇ ಆ್ಯಪ್ ಬಳಸಿ ಯುಪಿಐ ಹಣ ಎತ್ತುತ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು.

ಮುಂದಿನದು ನಾಟಕ. ವಿಂಡೋಸ್‌ನ ಇವೆಂಟ್ ವ್ಯೂವರ್ (ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ ಪಟ್ಟಿ) ತೆರೆದು, ಸಾಲುಸಾಲು ಕೆಂಪು ಹಳದಿ ಗುರುತು ತೋರಿಸಿ, “ನೋಡಿ ಸರ್, ಇಷ್ಟೂ ವೈರಸ್. ಅದಕ್ಕೇ ನಿಮ್ಮ ಪ್ರಿಂಟರ್ ಬ್ಲಾಕ್ ಆಗಿದೆ” ಅಂದ. ಆಮೇಲೆ ಕಪ್ಪು ಪರದೆಯಲ್ಲಿ, ಕಂಪ್ಯೂಟರಿನ ಸಂಪರ್ಕಗಳ ಪಟ್ಟಿ ತೋರಿಸುವ ‘ನೆಟ್‌ಸ್ಟಾಟ್’ ಹೊಡೆದ. ‘ಫಾರಿನ್ ಅಡ್ರೆಸ್’ ಎಂಬ ಕಾಲಮ್ ಬಂತು. “ಸರ್, ಫಾರಿನ್‌ನಿಂದ ಯಾರೋ ನಿಮ್ಮ ವೈಫೈ ಒಳಗೆ ಕೂತಿದ್ದಾರೆ.” ಇವೆಂಟ್ ವ್ಯೂವರ್‌ನ ಅಂಥ ಸಾಲುಗಳು ಆರೋಗ್ಯವಾಗಿರುವ ಯಾವ ಕಂಪ್ಯೂಟರ್ ತೆಗೆದರೂ ನೂರಾರು ಇರುತ್ತವೆ. ಯಾವುದೋ ಸೇವೆ ತಡವಾಗಿ ಶುರುವಾದರೂ ಅಲ್ಲೊಂದು ಸಾಲು ಬೀಳುತ್ತದೆ. ನೆಟ್‌ಸ್ಟಾಟ್‌ನಲ್ಲಿ ಫಾರಿನ್ ಅಂದರೆ ವಿದೇಶ ಅಲ್ಲ, ಆ ಸಂಪರ್ಕದ ಆಚೆ ತುದಿ ಅಷ್ಟೇ. ಬ್ರೌಸರ್‌ನಲ್ಲಿ ಒಂದು ಪುಟ ತೆರೆದಿದ್ದರೆ ಅದೂ ಅಲ್ಲಿ ಕಾಣುತ್ತದೆ.

ಹೆದರಿದ ಮೇಷ್ಟ್ರು ‘ಮೂರು ವರ್ಷದ ನೆಟ್‌ವರ್ಕ್ ಸೆಕ್ಯೂರಿಟಿ ಪ್ಲ್ಯಾನ್’ಗೆ 4,999 ರೂಪಾಯಿ ಯುಪಿಐನಲ್ಲಿ ಕಳಿಸಿದರು. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. “ಹಿರಿಯ ನಾಗರಿಕರಿಗೆ ಅರ್ಧ ವಾಪಸ್ ಬರುತ್ತೆ ಸರ್, ಫೋನಿಗೂ ಅದೇ ಆ್ಯಪ್ ಹಾಕಿ” ಅಂದ. ಫೋನಿನ ಪರದೆ ಅವನಿಗೆ ಕಾಣತೊಡಗಿದ ಮೇಲೆ ಬ್ಯಾಂಕಿನಿಂದ ಬಂದ ಒಟಿಪಿಯೂ ಕಂಡಿತು. ‘ರೀಫಂಡ್ ಪಡೆಯಲು’ ಮೇಷ್ಟ್ರೇ ಪಿನ್ ಒತ್ತಿದರು. ಇನ್ನೂ 38,000 ಹೋಯಿತು. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಲೆಕ್ಕ.

ಇಡೀ ಮೋಸ ನಿಂತಿರುವುದು ‘ಡ್ರೈವರ್ ಸರಿ ಇಲ್ಲ, ಅದಕ್ಕೇ ವೈಫೈಗೆ ಸೇರುತ್ತಿಲ್ಲ’ ಎಂಬ ಒಂದು ಸುಳ್ಳಿನ ಮೇಲೆ. ಡ್ರೈವರ್ ಇರುವುದು ಕಂಪ್ಯೂಟರಿನೊಳಗೆ. ವೈಫೈಗೆ ಸೇರುವುದು ಪ್ರಿಂಟರಿಗೂ ರೂಟರಿಗೂ ನಡುವಿನ ವ್ಯವಹಾರ. ಮನೆಯಲ್ಲಿ ಕಂಪ್ಯೂಟರೇ ಇಲ್ಲದಿದ್ದರೂ ಪ್ರಿಂಟರ್ ವೈಫೈಗೆ ಸೇರಬೇಕು, ಸೇರುತ್ತದೆ. ಆಂಡ್ರಾಯ್ಡ್ 8ರಿಂದೀಚೆಗೆ ಫೋನಿನಲ್ಲೇ ಪ್ರಿಂಟ್ ಸೇವೆ ಇದೆ, ಐಫೋನಿನಲ್ಲಿ ಏರ್‌ಪ್ರಿಂಟ್ ಇದೆ. ಈಚಿನ ವೈಫೈ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ ಇವು ಬೇರೆ ಡ್ರೈವರ್ ಕೇಳುವುದೇ ಇಲ್ಲ. ವೈಫೈ ದೀಪ ಮಿಣುಕುತ್ತಿರುವುದಕ್ಕೆ ಡ್ರೈವರ್ ಕಾರಣ ಅಂದವನು ಒಂದೋ ಕಳ್ಳ, ಇಲ್ಲವೇ ಕೆಲಸ ಗೊತ್ತಿಲ್ಲದವನು.

ಹಾಗಾದರೆ ಮೇಷ್ಟ್ರ ಪ್ರಿಂಟರ್ ಯಾಕೆ ಸೇರಲಿಲ್ಲ? ಮನೆಗೆ ತರುವ ಪ್ರಿಂಟರುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಫೈಬರ್ ಕನೆಕ್ಷನ್ ಜೊತೆ ಬರುವ ರೂಟರ್ 2.4 ಮತ್ತು 5 ಎರಡನ್ನೂ ಬಿಡುತ್ತದೆ, ಎಷ್ಟೋ ಕಡೆ ಒಂದೇ ಹೆಸರಿನಲ್ಲಿ. (ಈ 5 ಗಿಗಾಹರ್ಟ್ಸ್‌ಗೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ.) ಒಂದೇ ಹೆಸರಿದ್ದಾಗ ಕೆಲವು ಪ್ರಿಂಟರ್ ಸುಮ್ಮನೆ ಸೇರಿಬಿಡುತ್ತವೆ, ಕೆಲವು ಒದ್ದಾಡುತ್ತವೆ. ಬೇರೆ ಬೇರೆ ಹೆಸರಿದ್ದು ಫೋನ್ 5ರಲ್ಲಿದ್ದರೆ, ಆ್ಯಪ್ ಕೊಡುವ ವೈಫೈ ಹೆಸರು ಪ್ರಿಂಟರಿನ ಕಣ್ಣಿಗೇ ಬೀಳುವುದಿಲ್ಲ.

ರೂಟರಿನ ಅಡಿಯ ಚೀಟಿಯಲ್ಲಿ ಅದರ ವಿಳಾಸ ಮತ್ತು ಪಾಸ್‌ವರ್ಡ್ ಇರುತ್ತದೆ. ಸಾಮಾನ್ಯವಾಗಿ 192.168.1.1, ಜಿಯೋದಲ್ಲಿ 192.168.29.1. ಬ್ರೌಸರ್‌ನಲ್ಲಿ ಅದನ್ನು ಹೊಡೆದು ಒಳಗೆ ಹೋಗಿ, ವೈರ್‌ಲೆಸ್ ಭಾಗದಲ್ಲಿ ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟೀರಿಂಗ್’ (ಎರಡು ವೈಫೈಯನ್ನೂ ಒಂದೇ ಹೆಸರಿಗೆ ಕಟ್ಟುವ ಆಯ್ಕೆ) ಅಂತ ಇದ್ದರೆ ಆಫ್ ಮಾಡಿ. 2.4ಕ್ಕೆ ಬೇರೆ ಹೆಸರು ಕೊಡಿ. ಹೆಸರಿನಲ್ಲಿ ಸ್ಪೇಸ್, ಚಿಹ್ನೆ ಬೇಡ. ಚಾನೆಲ್ 1, 6, 11ರಲ್ಲಿ ಒಂದು. 12 ಮತ್ತು 13 ಕೆಲವು ಪ್ರಿಂಟರಿಗೆ ಕಾಣುವುದಿಲ್ಲ. ಸೆಕ್ಯೂರಿಟಿ (ವೈಫೈಯನ್ನು ಪಾಸ್‌ವರ್ಡಿನಿಂದ ಕಾಯುವ ಬಗೆ) ಡಬ್ಲ್ಯುಪಿಎ2, ಎಇಎಸ್. ಬರೀ ಡಬ್ಲ್ಯುಪಿಎ3 ಇಟ್ಟರೆ ಹಳೆಯ ಮಾಡೆಲುಗಳು ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಅನ್ನುತ್ತವೆ. ಎರಡೂ ಸೇರಿದ ಮಿಶ್ರ ಆಯ್ಕೆ ಇದ್ದರೆ ಅದು ಸಾಕು.

ಸೇರಿಸುವ ಹೊತ್ತಿಗೆ ಫೋನನ್ನೂ ಆ 2.4ರ ಹೆಸರಿಗೇ ಹಾಕಿ. ಬ್ಲೂಟೂತ್ ಮತ್ತು ಲೊಕೇಶನ್ ಆನ್ ಇರಲಿ, ಲೊಕೇಶನ್ ಆಫ್ ಇದ್ದರೆ ಆ್ಯಪ್‌ಗೆ ಸುತ್ತಲಿನ ವೈಫೈಗಳೇ ಕಾಣದಿರಬಹುದು. ಮೊಬೈಲ್ ಡೇಟಾ ಆಫ್ ಮಾಡಿ. ಸೆಟಪ್ ಸಮಯದಲ್ಲಿ ಪ್ರಿಂಟರ್ ತಾನೇ ಒಂದು ಸಣ್ಣ ವೈಫೈ ಬಿಡುತ್ತದೆ. ಅದರಲ್ಲಿ ಇಂಟರ್‌ನೆಟ್ ಇಲ್ಲ ಅಂತ ಫೋನ್ ಮಧ್ಯದಲ್ಲೇ ಡೇಟಾಕ್ಕೆ ಹಾರುತ್ತದೆ, ಆ್ಯಪ್ ಅಲ್ಲೇ ನಿಲ್ಲುತ್ತದೆ. ಮೇಷ್ಟ್ರ ಮನೆಯಲ್ಲಿ ಇವೆರಡೂ ಆಗಿದ್ದವು: ಫೋನ್ 5ರಲ್ಲಿತ್ತು, ಡೇಟಾ ಆನ್ ಇತ್ತು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪ್ರಿಂಟರಿನ ಸೆಟಪ್ ಸ್ಥಿತಿಗೆ ಅವಧಿ ಇದೆ. ಎಚ್‌ಪಿಯಲ್ಲಿ ಅದು ಎರಡು ಗಂಟೆ. ಬೆಳಿಗ್ಗೆ ಆನ್ ಮಾಡಿ, ಊಟ ಮುಗಿಸಿ ಬಂದು ಹುಡುಕಿದರೆ ಆ್ಯಪ್‌ಗೆ ಸಿಗುವುದಿಲ್ಲ. ಡೆಸ್ಕ್‌ಜೆಟ್ ಮಾದರಿಗಳಲ್ಲಿ ವೈರ್‌ಲೆಸ್ ಮತ್ತು ಕ್ಯಾನ್ಸಲ್ ಬಟನ್ ಎರಡನ್ನೂ ಒಟ್ಟಿಗೆ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಮತ್ತೆ ಸೆಟಪ್‌ಗೆ ಬರುತ್ತದೆ. ಬೇರೆ ಕಂಪನಿಗಳ ಬಟನ್ ಬೇರೆ, ಪೆಟ್ಟಿಗೆಯಲ್ಲಿ ಬಂದ ಕಾಗದದಲ್ಲಿ ಚಿತ್ರ ಇರುತ್ತದೆ, ಎಸೆಯಬೇಡಿ.

ರೂಟರಿನಲ್ಲಿ ಡಬ್ಲ್ಯುಪಿಎಸ್ ಬಟನ್ (ಪಾಸ್‌ವರ್ಡ್ ಹೊಡೆಯದೆ ಸೇರಿಸುವ ಬಟನ್) ಇದ್ದರೆ ಆ್ಯಪ್‌ನ ಗೋಜೇ ಬೇಡ. ಅದನ್ನು ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ವೈಫೈ ಬಟನ್ ಒತ್ತಿ ಹಿಡಿಯಿರಿ. ರೂಟರ್ ಮಹಡಿಯಲ್ಲಿದ್ದು ನಡುವೆ ಆರ್‌ಸಿಸಿ ತಾರಸಿ ಇದ್ದರೆ, ಮೊದಲ ಸಲ ಪ್ರಿಂಟರನ್ನು ರೂಟರ್ ಪಕ್ಕಕ್ಕೇ ಒಯ್ದು ಸೇರಿಸಿ, ಆಮೇಲೆ ಕೆಳಗೆ ತನ್ನಿ.

ಸೇರಿದೆಯೋ ಇಲ್ಲವೋ ಅನ್ನುವುದಕ್ಕೆ ದೀಪಕ್ಕಿಂತ ಕಾಗದವನ್ನು ನಂಬಿ. ವೈಫೈ ಪ್ರಿಂಟರಿನಲ್ಲಿ ನೆಟ್‌ವರ್ಕ್ ಮಾಹಿತಿ ಪುಟ ತೆಗೆಯಬಹುದು. ಅದರಲ್ಲಿ ಐಪಿ ಅಡ್ರೆಸ್, ಅಂದರೆ ರೂಟರ್ ಸಾಧನಕ್ಕೆ ಕೊಡುವ ವಿಳಾಸ ನೋಡಿ. 0.0.0.0 ಇದ್ದರೆ ಸೇರಿಯೇ ಇಲ್ಲ. 169.254ರಿಂದ ಶುರುವಾದರೆ ರೂಟರ್ ವಿಳಾಸ ಕೊಟ್ಟಿಲ್ಲ. ನಿಮ್ಮ ಫೋನಿನ ಐಪಿಯ ಮೊದಲ ಮೂರು ಭಾಗಗಳೇ ಅಲ್ಲೂ ಇದ್ದರೆ, ಉದಾಹರಣೆಗೆ 192.168.1.34, ಪ್ರಿಂಟರ್ ಸೇರಿದೆ. ಆ ಸಂಖ್ಯೆಯನ್ನು ಬ್ರೌಸರ್‌ನಲ್ಲಿ ಹೊಡೆಯಿರಿ. ಪ್ರಿಂಟರಿನದೇ ಪುಟ ತೆರೆದರೆ ವೈಫೈ ಕೆಲಸ ಮುಗಿದಿದೆ, ಉಳಿದದ್ದು ಕಂಪ್ಯೂಟರಿನ ಕಡೆಯದು. ಸೇರಿದ ಮೇಲೆ ಫೋನನ್ನು ಮತ್ತೆ 5ಕ್ಕೆ ಹಾಕಿಕೊಳ್ಳಬಹುದು. ರೂಟರ್ ಒಂದೇ ಆದ್ದರಿಂದ ಪ್ರಿಂಟ್ ಹೋಗುತ್ತದೆ. ಗೆಸ್ಟ್ ವೈಫೈಗೆ ಮಾತ್ರ ಹಾಕಬೇಡಿ, ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆ ಇರುತ್ತದೆ.

ನಿನ್ನೆವರೆಗೆ ಸರಿ ಇದ್ದು ಇವತ್ತು ‘ಆಫ್‌ಲೈನ್’ ಅಂದರೆ, ಮೊದಲು ಕರೆಂಟ್ ಹೋಗಿತ್ತಾ ನೆನಪಿಸಿಕೊಳ್ಳಿ. ಕರೆಂಟ್ ಬಂದಾಗ ಪ್ರಿಂಟರ್ ಬೇಗ ಏಳುತ್ತದೆ, ಫೈಬರ್ ರೂಟರ್ ನಿಧಾನವಾಗಿ ಏಳುತ್ತದೆ. ವಿಳಾಸ ಕೇಳಿದಾಗ ಕೊಡುವವರಿಲ್ಲ. ರೂಟರಿನ ದೀಪಗಳು ಮಿಣುಕುವುದು ನಿಂತು ಸ್ಥಿರವಾಗಿ ಉರಿಯತೊಡಗಿದ ಮೇಲೆ ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು. ಪದೇಪದೇ ಹೀಗಾದರೆ ರೂಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಭಾಗದಲ್ಲಿ ಪ್ರಿಂಟರಿನ ಮ್ಯಾಕ್ ಅಡ್ರೆಸ್‌ಗೆ ಒಂದೇ ಐಪಿ ಕಾಯ್ದಿರಿಸಿ. ಮ್ಯಾಕ್ ಅಡ್ರೆಸ್, ಅಂದರೆ ಸಾಧನದ ಗುರುತಿನ ಸಂಖ್ಯೆ, ಅದೇ ಮಾಹಿತಿ ಪುಟದಲ್ಲಿದೆ. ವಿಂಡೋಸ್‌ನಲ್ಲಿ ಹಳೆಯ ಪ್ರಿಂಟರ್ ತೆಗೆದು, ವಿಂಡೋಸ್ ತಾನೇ ಹುಡುಕಿ ಹಾಕುವ ಡಬ್ಲ್ಯುಎಸ್‌ಡಿ ಪೋರ್ಟ್ ಬಿಟ್ಟು, ‘ಟಿಸಿಪಿ/ಐಪಿ ಅಡ್ರೆಸ್’ ಆಯ್ಕೆಯಲ್ಲಿ ಆ ಸಂಖ್ಯೆ ಕೊಟ್ಟು ಮತ್ತೆ ಸೇರಿಸಿ. ಆಫ್‌ಲೈನ್ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ವೈಫೈಯೇ ಇಲ್ಲದ ಪ್ರಿಂಟರಿಗೆ ವೈಫೈ ಹುಡುಕುತ್ತಾ ಕೂರುವವರೂ ಇದ್ದಾರೆ. ಎಪ್ಸನ್ ಎಲ್3210ರಲ್ಲಿ ವೈಫೈ ಇಲ್ಲ, ಎಲ್3250ರಲ್ಲಿ ಇದೆ. ಎರಡೂ ನೋಡಲು ಅಣ್ಣತಮ್ಮಂದಿರು. ಕ್ಯಾನನ್ ಜಿ2010ರಲ್ಲಿ ಇಲ್ಲ, ಜಿ3010ರಲ್ಲಿ ಇದೆ. ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ2900ಬಿ ಯುಎಸ್‌ಬಿ ಮಾತ್ರ. ಬಿಲ್ ಮಾಡಿಸುವ ಮುಂಚೆ ಪೆಟ್ಟಿಗೆಯ ಮೇಲೆ ವೈಫೈ ಗುರುತು ಇದೆಯಾ ನೋಡಿ.

ಸಹಾಯ ಬೇಕೇ ಬೇಕು ಅಂದರೆ ನಂಬರ್ ತೆಗೆದುಕೊಳ್ಳುವ ಜಾಗ ವಾರಂಟಿ ಕಾರ್ಡು ಅಥವಾ ಪೆಟ್ಟಿಗೆ. ವೆಬ್ ವಿಳಾಸವನ್ನೂ ಆ ಕಾಗದ ನೋಡಿ ಕೈಯಿಂದಲೇ ಹೊಡೆಯಿರಿ. ಎಚ್‌ಪಿಯದು ‘123 ಡಾಟ್ ಎಚ್‌ಪಿ ಡಾಟ್ ಕಾಮ್’. ಇದರಲ್ಲಿ ‘ಡಾಟ್ ಕಾಮ್’ಗೆ ಮುಂಚೆ ಬರೀ ಎಚ್‌ಪಿ ಇದೆ, ಅದಕ್ಕೂ ಮುಂಚೆ ಚುಕ್ಕಿ ಇದೆ. ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಬಂದು, ಜೊತೆಗೆ ಸೆಟಪ್, ಸಪೋರ್ಟ್, ಡ್ರೈವರ್ ಅಂತ ಬಾಲ ಅಂಟಿಕೊಂಡಿದ್ದರೆ ಅದು ಯಾರೋ ಕೊಂಡುಕೊಂಡ ಬೇರೆಯದೇ ವಿಳಾಸ. ಗೂಗಲ್ ಮ್ಯಾಪಿನಲ್ಲಿ ‘ಸರ್ವಿಸ್ ಸೆಂಟರ್’ ಅಂತ ಕಾಣುವ ನಂಬರನ್ನೂ ಕಣ್ಣುಮುಚ್ಚಿ ನಂಬಬೇಡಿ.

ಈಗಾಗಲೇ ಎನಿಡೆಸ್ಕ್ ಒಪ್ಪಿಗೆ ಒತ್ತಿಬಿಟ್ಟಿದ್ದರೆ, ಮೊದಲು ಫೋನು, ಕಂಪ್ಯೂಟರ್ ಎರಡರ ಇಂಟರ್‌ನೆಟ್ ಕಡಿಯಿರಿ. ಬೇರೆಯವರ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆಹಿಡಿಯಲು ಇರುವ ದಾರಿ ಅದು, ಇಲ್ಲಿ ನಿಮಿಷಕ್ಕೆ ಬೆಲೆ ಇದೆ. ವಹಿವಾಟಿನ ಯುಟಿಆರ್ (ಗುರುತಿನ) ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ಬ್ಯಾಂಕಿಗೂ ಆಗಲೇ ಹೇಳಿ ದೂರಿನ ನಂಬರ್ ಪಡೆಯಿರಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದ್ದ ಪ್ರಕಾರ ಗ್ರಾಹಕರ ಅಜಾಗರೂಕತೆಯಿಂದ ಹೋದ ಹಣ ದೂರು ಕೊಡುವ ತನಕ ಗ್ರಾಹಕರದೇ ನಷ್ಟ, ದೂರು ಕೊಟ್ಟ ಮೇಲೆ ಹೋದದ್ದು ಬ್ಯಾಂಕಿನದು. ಜಿಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ. ಕ್ರೋಮ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೂ ಅವನ ಕಣ್ಣಿಗೆ ಬಿದ್ದಿರಬಹುದು.

ಕಂಪ್ಯೂಟರನ್ನು ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ, ಎನಿಡೆಸ್ಕನ್ನೂ ಕೂಡಲೇ ತೆಗೆಯಬೇಡಿ. ಅದರ ಫೋಲ್ಡರಿನಲ್ಲಿ ‘ಕನೆಕ್ಷನ್ ಟ್ರೇಸ್’ ಎಂಬ ಪಠ್ಯ ಫೈಲು ಇರುತ್ತದೆ. ಯಾವ ಎನಿಡೆಸ್ಕ್ ನಂಬರಿನಿಂದ, ಎಷ್ಟು ಹೊತ್ತಿಗೆ ಒಳಗೆ ಬಂದರು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ನೀವು ಕರೆ ಮಾಡಿದ ನಂಬರು ಮತ್ತು ಪಾವತಿಯ ಸ್ಕ್ರೀನ್‌ಶಾಟ್ ಜೊತೆ ತುಮಕೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಕೊಡಿ. ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿದರಾಯಿತು.