‘ಎಂಟು ಜನರ ಟೆಂಟ್’ ಅನ್ನೋದನ್ನ ನಂಬಬೇಡಿ: ಮೂಡಿಗೆರೆ ತೋಟದಲ್ಲಿ ನಮಗಾದದ್ದು

ರಜೆ ಬಂತು, ಮಕ್ಕಳನ್ನು ಕರೆದುಕೊಂಡು ಶನಿವಾರ ಭಾನುವಾರ ಎಲ್ಲಾದರೂ ಟೆಂಟ್ ಹಾಕಿ ಮಲಗೋಣ ಎಂದು ಕಡಿಮೆ ಬೆಲೆಯ ದೊಡ್ಡ ಟೆಂಟ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಹೋದ ದುಡ್ಡು ದೊಡ್ಡದಲ್ಲ. ಆ ರಾತ್ರಿ ಅತ್ತೆ ಮತ್ತು ಮಕ್ಕಳು ಪಟ್ಟ ಪಾಡು ಇನ್ಯಾರಿಗೂ ಬರಬಾರದು ಅಂತ ಬರೆಯುತ್ತಿದ್ದೇನೆ.

ನಾವು ಒಟ್ಟು ಆರು ಜನ: ನಾನು, ನಮ್ಮ ಮನೆಯವರು, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ, ಅತ್ತೆ, ನಾದಿನಿ. ಫೆಬ್ರುವರಿಯಲ್ಲಿ ಆನ್‌ಲೈನ್‌ನಲ್ಲಿ ರಿಯಾಯಿತಿ ಇದ್ದಾಗ 4,700 ರೂಪಾಯಿಗೆ ಒಂದು ಟೆಂಟ್ ತರಿಸಿದೆವು. ‘8 ಜನರಿಗೆ, ಆಟೊಮ್ಯಾಟಿಕ್, ವಾಟರ್‌ಪ್ರೂಫ್, 210ಡಿ ಆಕ್ಸ್‌ಫರ್ಡ್ ಬಟ್ಟೆ’ ಎಂದು ದಪ್ಪ ಅಕ್ಷರದಲ್ಲಿತ್ತು. ಆರು ಜನಕ್ಕೆ ಎಂಟು ಜನರದ್ದು ಧಾರಾಳವಾಯಿತು ಅಂದುಕೊಂಡೆವು. ಪೆಟ್ಟಿಗೆ ಬಂದ ದಿನ ಬಿಚ್ಚಿ ನೋಡದೆ ಅಟ್ಟದ ಮೇಲಿಟ್ಟೆವು. ವಾಪಸು ಕೊಡಲು ಇದ್ದದ್ದು ಏಳೇ ದಿನ. ನಾವು ಅದನ್ನು ಬಿಚ್ಚಿದ್ದು ಏಪ್ರಿಲ್ ಕೊನೆಯ ಶನಿವಾರ, ಮೂಡಿಗೆರೆ ಹತ್ತಿರ ಪರಿಚಯದವರೊಬ್ಬರ ಕಾಫಿ ತೋಟದಲ್ಲಿ.

ಬೆಂಗಳೂರಿನಲ್ಲಿ ಏಪ್ರಿಲ್ ಅಂದರೆ ಬಿಸಿಲು ಅಷ್ಟೇ ನಮ್ಮ ತಲೆಯಲ್ಲಿತ್ತು. ಕಾಫಿ ಸೀಮೆಯವರಿಗೆ ಇದು ಮಳೆಯ ಲೆಕ್ಕ ಹಾಕುವ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬೀಳಬೇಕು, ಆಗಲೇ ಕಾಫಿ ಹೂವಾಗುವುದು. ಅದಾದ ಮೇಲೆ ಹೂ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಗುಡುಗು, ಗಾಳಿ, ಒಮ್ಮೊಮ್ಮೆ ಆಲಿಕಲ್ಲು ಎಲ್ಲವೂ ಈ ಮಳೆಯ ಜೊತೆಗೇ ಬರುತ್ತವೆ. ತೋಟದ ಲೆಕ್ಕಪತ್ರ, ಕೆಲಸ ನೋಡಿಕೊಳ್ಳುವ ರೈಟರು ಸಂಜೆಯೇ ಬಂದು, “ಅಕ್ಕಾ, ಮೋಡ ಕಟ್ತಾ ಉಂಟು. ಗೋಡೌನ್ ಖಾಲಿ ಇದೆ, ಅಲ್ಲೇ ಮಲಗಿ ಮಾರಾಯ್ರೆ” ಅಂದರು. ಟೆಂಟ್ ವಾಟರ್‌ಪ್ರೂಫ್ ಇದೆ ಅಂತ ನಾನೇ ಹೇಳಿದೆ. ಅವರ ಮಾತು ಕೇಳದೆ ಹೋದದ್ದಕ್ಕೆ ಈಗಲೂ ಬೇಸರವಿದೆ.

ಟೆಂಟ್ ನಿಲ್ಲಿಸಲು ಮೂರು ನಿಮಿಷವೂ ಹಿಡಿಯಲಿಲ್ಲ. ಕೊಡೆಯ ಹಾಗೆ ನೆತ್ತಿಯಲ್ಲೊಂದು ಪ್ಲಾಸ್ಟಿಕ್ ಜಾಯಿಂಟ್, ಅದನ್ನು ಎಳೆದರೆ ಕೋಲುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಮಕ್ಕಳು ಚಪ್ಪಾಳೆ ತಟ್ಟಿದರು. ಚಾಪೆ ಹಾಸಲು ಒಳಗೆ ಹೋದಾಗಲೇ ನನಗೆ ಮೊದಲ ಬಾರಿ ಅಳುಕಾಯಿತು.

ತಳದ ಅಳತೆ 300 ಸೆಂ.ಮೀ. ಉದ್ದ, 240 ಸೆಂ.ಮೀ. ಅಗಲ. ಎಂಟು ಜನ ಸಾಲಾಗಿ ಮಲಗಿದರೆ ಒಬ್ಬೊಬ್ಬರಿಗೆ ಮೂವತ್ತೇಳೂವರೆ ಸೆಂ.ಮೀ. ಬರುತ್ತದೆ. ದೊಡ್ಡವರ ಭುಜವೇ ಅದಕ್ಕಿಂತ ಅಗಲ. ನಮ್ಮ ಫೋಮ್ ಚಾಪೆಗಳು 60 ಸೆಂ.ಮೀ. ಇದ್ದವು, ಐದು ಹಾಸುವಷ್ಟರಲ್ಲಿ ನೆಲ ಮುಗಿಯಿತು. ಗುಮ್ಮಟದ ಆಕಾರದ ಟೆಂಟಿನಲ್ಲಿ ಗೋಡೆ ಒಳಕ್ಕೆ ಬಾಗಿರುವುದರಿಂದ ಅಂಚಿನಲ್ಲಿ ಮಲಗಿದವರ ಮುಖಕ್ಕೆ ಬಟ್ಟೆ ತಾಗುತ್ತದೆ. ಬ್ಯಾಗುಗಳೆಲ್ಲ ಕಾಲಿನ ಮೇಲೆ ಬಂದವು. ಅತ್ತೆಗೆ ಮಂಡಿ ನೋವು, ರಾತ್ರಿ ಎರಡು ಸಲವಾದರೂ ಏಳಬೇಕು. ಅವರು ಬಾಗಿಲು ತಲುಪಬೇಕಾದರೆ ಮೂವರನ್ನು ದಾಟಬೇಕಿತ್ತು. ಟೆಂಟಿನ ಮೇಲೆ ಬರೆದಿರುವ ಸಂಖ್ಯೆ, ಸಾಮಾನು ಏನೂ ಇಲ್ಲದೆ ಒತ್ತೊತ್ತಾಗಿ ಮಲಗಿದರೆ ಹಿಡಿಸುವ ಜನರ ಲೆಕ್ಕ. ನಮ್ಮದರಲ್ಲಿ ಅದಕ್ಕೂ ಜಾಗ ಇರಲಿಲ್ಲ.

ಮಳೆ ಶುರುವಾದಾಗ ಇನ್ನೂ ಹತ್ತು ಗಂಟೆ ಆಗಿರಲಿಲ್ಲ. ಈ ಟೆಂಟಿನ ನೆತ್ತಿಯ ಭಾಗ ಬರೀ ಸೊಳ್ಳೆ ಬಲೆ. ಅದರ ಮೇಲೆ ರೈನ್‌ಫ್ಲೈ ಅಂತ ಒಂದು ಹೊದಿಕೆ ಕೊಟ್ಟಿದ್ದರು, ಅದು ಟೋಪಿಯಷ್ಟೇ ದೊಡ್ಡದು. ಮಳೆ ನೇರ ಬಿದ್ದರೆ ತಡೆಯುತ್ತಿತ್ತೇನೋ. ಗಾಳಿ ಅಡ್ಡ ಬೀಸಿದ್ದೇ ತಡ, ಹನಿ ಟೋಪಿಯ ಕೆಳಗಿನಿಂದ ತೂರಿ ಬಲೆಯ ಮೂಲಕ ನಮ್ಮ ಮೇಲೆಯೇ ಬಿತ್ತು. ಆಮೇಲೆ ತಳದ ಹೊಲಿಗೆಗಳು. ಟಾರ್ಚ್ ಬಿಟ್ಟು ನೋಡಿದರೆ ಸೂಜಿ ಚುಚ್ಚಿದ ಪ್ರತಿ ತೂತಿನಿಂದಲೂ ನೀರು ಜಿನುಗುತ್ತಿತ್ತು, ಒಳಗಡೆ ಹೊಲಿಗೆಯ ಮೇಲೆ ಅಂಟಿಸಿರಬೇಕಾದ ಟೇಪ್ ಇರಲೇ ಇಲ್ಲ. ಅರ್ಧ ಗಂಟೆಯಲ್ಲಿ ಚಾಪೆ, ರಗ್ಗು, ಮಗನ ಬಟ್ಟೆ ಎಲ್ಲ ತೊಯ್ದವು.

ಪೆನ್ಸಿಲಿಗಿಂತ ತೆಳ್ಳಗಿನ ತಂತಿ ಗೂಟಗಳು ಒದ್ದೆ ಮಣ್ಣಿನಿಂದ ಒಂದೊಂದಾಗಿ ಕಿತ್ತುಬಂದವು. ಮನೆಯವರು ಒಳಗಿನಿಂದಲೇ ಕೋಲು ಹಿಡಿದು ನಿಂತರು. ಇನ್ನೊಂದು ಗಾಳಿ ಬೀಸಿತು, ನೆತ್ತಿಯ ಪ್ಲಾಸ್ಟಿಕ್ ಜಾಯಿಂಟ್ ಸೀಳಿತು, ಅವರ ಕೈಯಲ್ಲಿದ್ದ ಫೈಬರ್‌ಗ್ಲಾಸ್ ಕೋಲು ಉದ್ದಕ್ಕೆ ಬಿರಿಯಿತು. ಫೈಬರ್‌ಗ್ಲಾಸ್ ಮುರಿದರೆ ಗಾಜಿನ ನಾರಿನಂಥ ಸಿಬಿರು ಏಳುತ್ತದೆ. ಅಂಗೈ ತುಂಬ ಸಿಬಿರು ಚುಚ್ಚಿಕೊಂಡು, ಮರುದಿನ ಮೂಡಿಗೆರೆಯಲ್ಲಿ ಡಾಕ್ಟರ ಹತ್ತಿರ ತೆಗೆಸಬೇಕಾಯಿತು. ಒದ್ದೆ ಬಟ್ಟೆ ನಮ್ಮೆಲ್ಲರ ಮೇಲೆ ಕುಸಿಯಿತು. ಕತ್ತಲಲ್ಲಿ ಬಾಗಿಲಿನ ಜಿಪ್ ಎಲ್ಲಿದೆ ಎಂದು ಸಿಗದೆ, ಮಗ ಉಸಿರು ಕಟ್ಟುತ್ತಿದೆ ಎಂದು ಕಿರುಚಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಗೋಡೌನಿಗೆ ಓಡಿದೆವು. ಮಿಂಚು ಗುಡುಗು ಇದ್ದಾಗ ಟೆಂಟ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಪಕ್ಕಾ ಕಟ್ಟಡ, ಇಲ್ಲವೇ ಕಿಟಕಿ ಮುಚ್ಚಿದ ಕಾರು ಸೇರಬೇಕು. ಬೆಳಿಗ್ಗೆ ನೋಡಿದರೆ ನಾವು ಮೊದಲು ಟೆಂಟ್ ಹಾಕಬೇಕೆಂದಿದ್ದ ಸಿಲ್ವರ್ ಮರದ ಬುಡದಲ್ಲಿ ತೊಡೆ ಗಾತ್ರದ ಕೊಂಬೆ ಬಿದ್ದಿತ್ತು. ಅಲ್ಲಿ ಬೇಡ ಎಂದು ತಡೆದಿದ್ದೂ ರೈಟರೇ.

ಇನ್ನೊಂದು ಮಾತನ್ನು ಮುಖ್ಯವಾಗಿ ಹೇಳಬೇಕು. ಮಳೆ ಶುರುವಾಗುವ ಮೊದಲು ಚಳಿ ಗಾಳಿ ಬೀಸಿದಾಗ, ಅಡುಗೆಗೆ ಹಚ್ಚಿದ್ದ ಕೆಂಡವನ್ನು ಅಗ್ಗಿಷ್ಟಿಕೆಯಲ್ಲಿ ತುಂಬಿ ಟೆಂಟ್ ಒಳಗಿಡೋಣ ಎಂದು ನಾದಿನಿ ಕೇಳಿದಳು. ನಾನು ಬಿಡಲಿಲ್ಲ. ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗುವುದಿಲ್ಲ. ಹೊಗೆ ಬರುತ್ತಿಲ್ಲವಲ್ಲ, ಆರುತ್ತಿರುವ ಕೆಂಡ ತಾನೇ ಎಂದು ಯಾರೂ ಒಳಗೆ ತರಬೇಡಿ. ಗ್ಯಾಸ್ ಒಲೆಯೂ ಬೇಡ. ಎಷ್ಟೇ ಒಳ್ಳೆಯ ಟೆಂಟ್ ಇರಲಿ, ಇದು ಪ್ರಾಣದ ವಿಷಯ.

ವಾಪಸು ಬಂದ ಮೇಲೆ ಆ ಜಾಹೀರಾತಿನ ಒಂದೊಂದು ಪದ ಏನು ಹೇಳುತ್ತದೆ ಎಂದು ಕೂತು ತಿಳಿದುಕೊಂಡೆ. 210ಡಿಯಲ್ಲಿರುವ ‘ಡಿ’ ಅಂದರೆ ಡೆನಿಯರ್, 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 190ಟಿ ಎಂದಿದ್ದರೆ ಅದು ಒಂದು ಚದರ ಇಂಚಿನಲ್ಲಿರುವ ಎಳೆಗಳ ಸಂಖ್ಯೆ. ಬಟ್ಟೆ ದಪ್ಪವೋ ತೆಳುವೋ, ನೇಯ್ಗೆ ಒತ್ತಾಗಿದೆಯೋ ಎಂಬುದಷ್ಟೇ ಇವುಗಳಿಂದ ಗೊತ್ತಾಗುವುದು. ನೀರು ತಡೆಯುತ್ತದೆಯೇ ಎಂದು ತಿಳಿಯಲು ನೋಡಬೇಕಾದದ್ದು ‘ವಾಟರ್ ಕಾಲಮ್’ ಅಥವಾ ‘ಹೈಡ್ರೋಸ್ಟಾಟಿಕ್ ಹೆಡ್’ ಎಂಬುದರ ಮುಂದೆ ಬರೆದಿರುವ ಮಿ.ಮೀ. ಅಂಕಿ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಸೋರದೆ ತಾಳುತ್ತದೆ ಎಂಬುದು ಅದರ ಅರ್ಥ. ಮಲೆನಾಡಿಗೆ ಹೋಗುವವರು ಮೇಲು ಹೊದಿಕೆಗೆ 2,000 ಮಿ.ಮೀ.ಗೆ ಕಡಿಮೆ ಇದ್ದರೆ ಕೊಳ್ಳಬೇಡಿ. ಮಂಡಿಯೂರಿದಾಗ, ಕೂತಾಗ ತಳದ ಮೇಲೆ ಒತ್ತಡ ಬೀಳುವುದರಿಂದ ಅದಕ್ಕೆ 3,000 ಮಿ.ಮೀ. ಆದರೂ ಇರಲಿ. ಈ ಅಂಕಿಯನ್ನೇ ಬರೆಯದೆ ‘ವಾಟರ್‌ಪ್ರೂಫ್’ ಎಂದಷ್ಟೇ ಬರೆದಿದ್ದರೆ ಅದನ್ನು ಕೊಳ್ಳದೆ ಬಿಟ್ಟುಬಿಡಿ.

ಅದಕ್ಕಿಂತಲೂ ಮೊದಲು ಹೊದಿಕೆ ಎಲ್ಲಿಯವರೆಗೆ ಇಳಿದಿದೆ ಎಂದು ಚಿತ್ರದಲ್ಲಿ ನೋಡಿ. ನಾಲ್ಕೂ ಕಡೆ ನೆಲದ ಹತ್ತಿರ ಬರಬೇಕು, ಒಳ ಟೆಂಟಿಗೂ ಅದಕ್ಕೂ ನಡುವೆ ಗಾಳಿಯಾಡಲು ಅಂತರ ಇರಬೇಕು. ಒಂದೇ ಪದರದ ಟೆಂಟ್ ಮಳೆ ತಡೆದರೂ ಒಳಗಿರುವವರ ಉಸಿರಿನ ತೇವ ಗೋಡೆಗೆ ಕೂತು ಬೆಳಗಾಗುವಷ್ಟರಲ್ಲಿ ಹನಿಯಾಗಿ ಇಳಿಯುತ್ತದೆ. ತಳದ ಬಟ್ಟೆ ಬೋಗುಣಿಯಂತೆ ಒಂದು ಗೇಣಾದರೂ ಮೇಲೆದ್ದು ಆಮೇಲೆ ಹೊಲಿಗೆ ಬಂದಿರಬೇಕು. ಕೋಲು ಅಲ್ಯೂಮಿನಿಯಂ ಆದರೆ ಒಳ್ಳೆಯದು. ಬಜೆಟ್ ಸಾಲದೆ ಫೈಬರ್‌ಗ್ಲಾಸ್ ಕೊಂಡರೂ, ಒಂದು ಮುರಿದರೆ ಅದೊಂದನ್ನೇ ಬದಲಿಸಬಹುದಾದ, ಬಿಡಿ ಕೋಲುಗಳ ಟೆಂಟ್ ಇರಲಿ. ಆಟೊಮ್ಯಾಟಿಕ್‌ನಲ್ಲಿ ಜಾಯಿಂಟ್ ಹೋದರೆ ಇಡೀ ಟೆಂಟ್ ಹೋದಂತೆ.

ಹತ್ತು ಸಾವಿರದೊಳಗೆ ಆರು ಜನಕ್ಕೆ ಒಂದೇ ದೊಡ್ಡ ಟೆಂಟ್ ಹುಡುಕುವುದನ್ನು ನಾನಂತೂ ಬಿಟ್ಟೆ. ನಾಲ್ಕು ಜನರದ್ದೆಂದು ಮಾರುವ, ಎರಡು ಪದರದ ಎರಡು ಟೆಂಟ್ ತೆಗೆದುಕೊಂಡೆವು, ಒಂದೊಂದರಲ್ಲಿ ಮೂವರು. ತಗ್ಗಾಗಿರುವುದರಿಂದ ಗಾಳಿಗೂ ತಡೆಯುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಹೋಗುವವರು ಬೆಂಗಳೂರಿನಲ್ಲಿ ಬಾಡಿಗೆಗೆ ತೆಗೆದುಕೊಳ್ಳಬಹುದು, ಅದೇ ಲಾಭ.

ದೂರು ಕೊಡಲು ಹೋದಾಗ ಮಾರಿದವರು ಅವಧಿ ಮುಗಿದಿದೆ ಎಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಆದರೆ ಪೆಟ್ಟಿಗೆಯನ್ನು ಗುಜರಿಗೆ ಹಾಕಿದ್ದೆವು. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಪೊಟ್ಟಣದ ಮೇಲೆ ಇರಲೇಬೇಕು ಎಂಬುದು ಕಾನೂನು. ಅದರ ಫೋಟೊ ತೋರಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ದುಡ್ಡು ಬರಲಿಲ್ಲ. ಜಾಹೀರಾತಿನ ಪುಟದ ಸ್ಕ್ರೀನ್‌ಶಾಟ್ ಮತ್ತು ಪೆಟ್ಟಿಗೆ, ಎರಡನ್ನೂ ಮೊದಲ ಮಳೆ ಕಳೆಯುವವರೆಗೆ ಇಟ್ಟುಕೊಳ್ಳಿ.

ಹೊಸ ಟೆಂಟುಗಳು ಬಂದ ಮರುದಿನವೇ ತಾರಸಿಯಲ್ಲಿ ನಿಲ್ಲಿಸಿದೆವು. ಮೊದಲು ಅಳತೆ ಪಟ್ಟಿ ಹಿಡಿದು ತಳ ಅಳೆದೆ, ಚಾಪೆ ಹಾಸಿ ಮೂವರನ್ನು ಮಲಗಿಸಿದೆ, ಹೊಲಿಗೆಗಳ ಟೇಪ್ ಬೆರಳಿನಲ್ಲಿ ಮುಟ್ಟಿ ನೋಡಿದೆ. ಆಮೇಲೆ ಮಗಳು ಒಳಗೆ ಟಾರ್ಚ್ ಹಿಡಿದು ಕೂತಳು, ಮನೆಯವರು ಹೊರಗಿನಿಂದ ಇಪ್ಪತ್ತು ನಿಮಿಷ ಪೈಪಿನಲ್ಲಿ ನೀರು ಹಾಯಿಸಿದರು, ನಾನು ವಿಡಿಯೊ ಮಾಡಿದೆ. ಒಂದು ಟೆಂಟ್ ಪೂರ್ತಿ ಒಣಗಿತ್ತು. ಇನ್ನೊಂದರ ಬಲ ಮೂಲೆಯಲ್ಲಿ ಟೇಪ್ ಬಿಟ್ಟ ಕಡೆ ನೀರು ಬಂತು. ಅಂಗಡಿಯವರಿಗೆ ವಿಡಿಯೊ ತೋರಿಸಿದೆವು, ನಾಲ್ಕನೇ ದಿನ ಬದಲಿಸಿ ಕೊಟ್ಟರು.