ನಿಂತಲ್ಲೇ ಬ್ಯಾಟರಿ ಇಳಿಯುವ ಮಿನಿವ್ಯಾನ್: ಕರೆಂಟ್ ಸೋರಿಕೆ ಹಿಡಿಯಲು ಯಾವ ದಾರಿ ಮೇಲು?

ಬ್ಯಾಟರಿ ಹೊಸದು, ಎಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು ಚಾರ್ಜ್ ಆಗುತ್ತಿದೆ. ಆದರೂ ಮೂರು ದಿನ ನಿಲ್ಲಿಸಿದರೆ ಕೀ ತಿರುಗಿಸಿದಾಗ ಬರೀ ಟಕ್ ಟಕ್ ಸದ್ದು. ಗಾಡಿ ನಿಂತಿದ್ದಾಗಲೂ ಯಾವುದೋ ಸರ್ಕ್ಯೂಟ್ ಕರೆಂಟ್ ಎಳೆಯುತ್ತಿದೆ ಎಂದರ್ಥ. ಗಡಿಯಾರ, ಅಲಾರಂ, ರಿಮೋಟ್ ಲಾಕ್ ಎಲ್ಲ ಸೇರಿ 50 ಮಿಲಿಆಂಪಿಯರ್ ಒಳಗಿದ್ದರೆ ತೊಂದರೆಯಿಲ್ಲ. ಆದರೆ 5 ವ್ಯಾಟ್‌ನ ಒಂದೇ ಒಂದು ಬಲ್ಬ್ ಉರಿಯುತ್ತಲೇ ಇದ್ದರೆ 0.4 ಆಂಪಿಯರ್, ಅಂದರೆ ದಿನಕ್ಕೆ 10 ಆಂಪಿಯರ್-ಅವರ್ ಖಾಲಿ. 60 ಆಂಪಿಯರ್-ಅವರ್ ಬ್ಯಾಟರಿ ಮೂರೇ ದಿನಕ್ಕೆ ಅರ್ಧವಾಗುತ್ತದೆ.

ಯಾವ ದಾರಿ ಹಿಡಿದರೂ ಮೊದಲ ಸಿದ್ಧತೆ ಒಂದೇ. ಬಾನೆಟ್ ತೆರೆಯಿರಿ. ಫ್ಯೂಸ್ ಬಾಕ್ಸ್ ಇರುವ ಕಡೆಯ ಬಾಗಿಲು ತೆರೆದು, ಅದರ ಲಾಚನ್ನು (ಬಾಗಿಲನ್ನು ಹಿಡಿದಿಡುವ ಕೊಕ್ಕೆಯನ್ನು) ಸ್ಕ್ರೂಡ್ರೈವರ್‌ನಿಂದ ತಿರುಗಿಸಿ. ಬಾಗಿಲು ಹಾಕಿದೆ ಎಂದೇ ಗಾಡಿ ತಿಳಿಯಬೇಕು. (ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಲಾಚ್ ಬಿಡಿಸಿ. ಹಾಗೇ ಬಾಗಿಲು ಬಡಿದರೆ ಲಾಚ್ ಕೆಡುತ್ತದೆ.) ಕೀಯನ್ನು ದೂರವಿಟ್ಟು 30–40 ನಿಮಿಷ ಕಾಯಿರಿ. ಕಂಟ್ರೋಲ್ ಮಾಡ್ಯೂಲ್‌ಗಳು (ಗಾಡಿಯೊಳಗಿನ ಪುಟ್ಟ ಕಂಪ್ಯೂಟರ್‌ಗಳು) ಪೂರ್ತಿ ಮಲಗುವ ಮೊದಲು ಅಳೆದರೆ ಹಲವು ಆಂಪಿಯರ್ ತೋರಿಸಬಹುದು; ಇಲ್ಲದ ದೋಷ ಹುಡುಕುತ್ತಾ ದಿನ ಹೋಗುತ್ತದೆ.

ಮಲ್ಟಿಮೀಟರನ್ನು ಸರಣಿಯಲ್ಲಿ ಹಾಕಿ ಅಳೆಯುವುದು ಹಳೆಯ ಕ್ರಮ. ನಿಖರತೆಯಲ್ಲಿ ಇದನ್ನು ಮೀರಿಸುವ ಕ್ರಮವಿಲ್ಲ, ಮಿಲಿಆಂಪಿಯರ್ ಲೆಕ್ಕ ಸಿಗುತ್ತದೆ. ತೊಡಕಿರುವುದು ಜೋಡಿಸುವುದರಲ್ಲಿ. ನೆಗೆಟಿವ್ ಕೇಬಲ್ ಬಿಚ್ಚಿದ ಕ್ಷಣ ಮಾಡ್ಯೂಲ್‌ಗಳಿಗೆ ಸರಬರಾಜು ನಿಲ್ಲುತ್ತದೆ, ಮತ್ತೆ ಕೊಟ್ಟಾಗ ಅವು ಹೊಸದಾಗಿ ಎಚ್ಚರಗೊಳ್ಳುತ್ತವೆ, ಮಲಗದೆ ಹಟ ಹಿಡಿದಿದ್ದ ಮಾಡ್ಯೂಲ್ ರೀಸೆಟ್ ಆಗಿ ದೋಷವೇ ಮಾಯವಾಗಬಹುದು. ಆದ್ದರಿಂದ ಮೀಟರನ್ನು 10 ಆಂಪಿಯರ್ ಸಾಕೆಟ್‌ಗೆ ಹಾಕಿ, ಒಂದು ಕ್ಲಿಪ್ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಕೇಬಲ್ಲಿನ ಹಿಡಿಗೆ ಕಚ್ಚಿಸಿ, ಆಮೇಲೆಯೇ ಹಿಡಿಯನ್ನು ಕಂಬದಿಂದ ಎತ್ತಬೇಕು. ಆ ಹೊತ್ತಿನಲ್ಲಿ ಯಾರಾದರೂ ಪವರ್ ಸ್ಲೈಡಿಂಗ್ ಡೋರ್‌ನ ಬಟನ್ ಒತ್ತಿದರೆ ಮೀಟರಿನ ಫ್ಯೂಸ್ ಸುಟ್ಟಿತೆಂದೇ ತಿಳಿಯಿರಿ. ಅಳತೆ ಮುಗಿದೊಡನೆ ಕೆಂಪು ವೈರನ್ನು ವೋಲ್ಟ್ ಸಾಕೆಟ್‌ಗೆ ಮರಳಿಸಿ. ಮರೆತು ಬ್ಯಾಟರಿ ವೋಲ್ಟೇಜ್ ನೋಡಲು ಹೋದರೆ ನೇರ ಶಾರ್ಟ್.

ಡಿಸಿ ಕ್ಲಾಂಪ್ ಮೀಟರ್‌ಗೆ ಈ ಯಾವ ಭಯವೂ ಇಲ್ಲ. ನೆಗೆಟಿವ್ ಕೇಬಲ್ ಸುತ್ತ ಬಾಯಿ ಮುಚ್ಚಿದರೆ ಸಾಕು. ಎಸಿ ಮಾತ್ರ ಅಳೆಯುವ ಕ್ಲಾಂಪ್ ಇಲ್ಲಿ ನಿರುಪಯೋಗಿ. 10 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ತೋರಿಸುವಂಥದ್ದು ಬೇಕು. ಕೇಬಲ್ಲಿನ ಪಕ್ಕದಲ್ಲೇ, ಅದೇ ಕೋನದಲ್ಲಿ ಹಿಡಿದು ಸೊನ್ನೆ ಮಾಡಿಕೊಳ್ಳಬೇಕು. ಸೋರಿಕೆ ಇದೆಯೋ ಇಲ್ಲವೋ ತಿಳಿಯಲು ನಮ್ಮ ಆಯ್ಕೆ ಇದೇ.

ಎಲ್ಲಿ ಸೋರುತ್ತಿದೆ ಎಂಬುದು ಬೇರೆ ಪ್ರಶ್ನೆ. ಒಂದೊಂದೇ ಫ್ಯೂಸ್ ಕೀಳುತ್ತಾ ಮೀಟರ್ ನೋಡುವವರು ಹೆಚ್ಚು. ಫ್ಯೂಸ್ ಕಿತ್ತು ಮತ್ತೆ ಹಾಕಿದಾಗಲೆಲ್ಲ ಮಾಡ್ಯೂಲ್ ಎದ್ದು ಕೂರುತ್ತದೆ, ಮತ್ತೆ ಅರ್ಧ ಗಂಟೆ ಕಾಯುವ ಕೆಲಸ. ಇದಕ್ಕಿಂತ ಫ್ಯೂಸಿನ ಬೆನ್ನಿನಲ್ಲಿರುವ ಎರಡು ಲೋಹದ ಚುಕ್ಕೆಗಳಿಗೆ ಮೊನಚು ಪ್ರೋಬ್ ತಾಗಿಸಿ ಮಿಲಿವೋಲ್ಟ್ ಓದುವುದು ಎಷ್ಟೋ ಮೇಲು, ಏನನ್ನೂ ಕೀಳಬೇಕಿಲ್ಲ. ಕರೆಂಟ್ ಹರಿಯದ ಫ್ಯೂಸ್‌ನಲ್ಲಿ 0.0. ಕೆಂಪು 10 ಆಂಪಿಯರ್ ಮಿನಿ ಫ್ಯೂಸ್‌ನಲ್ಲಿ 100 ಮಿಲಿಆಂಪಿಯರ್ ಹರಿದರೆ ಅಂದಾಜು 0.7–0.8 ಮಿಲಿವೋಲ್ಟ್, ಹಳದಿ 20ರಲ್ಲಿ 0.3ರಷ್ಟು. ಹಸಿರು 30ರಲ್ಲಿ 0.2 ದಾಟುವುದೇ ಕಷ್ಟ, 0.1 ಮಿಲಿವೋಲ್ಟ್ ತೋರಿಸದ ಮೀಟರ್ ಇದ್ದರೆ ಆ ದೊಡ್ಡ ಫ್ಯೂಸ್‌ಗಳಿಗೆ ಮಾತ್ರ ಕೀಳುವ ಕ್ರಮವೇ ಗತಿ.

ಮಿನಿವ್ಯಾನ್‌ನಲ್ಲಿ ಒಳದೀಪದ ಫ್ಯೂಸ್ ಸಿಕ್ಕಿಬಿದ್ದರೆ ಮೊದಲು ಸ್ಲೈಡಿಂಗ್ ಡೋರ್ ಮತ್ತು ಹಿಂಬಾಗಿಲಿನ ಲಾಚ್ ಸ್ವಿಚ್ ನೋಡಿ. ಗ್ರೀಸ್ ಒಣಗಿ ಧೂಳು ಹಿಡಿದ ಲಾಚ್ ಪೂರ್ತಿ ಕೂರುವುದಿಲ್ಲ, ಬಾಗಿಲು ತೆರೆದೇ ಇದೆ ಎಂದು ಸ್ವಿಚ್ ಹೇಳುತ್ತಲೇ ಇರುತ್ತದೆ. ಕ್ಲೀನರ್ ಸಿಂಪಡಿಸಿ, ಒರೆಸಿ, ಹೊಸ ಗ್ರೀಸ್ ಹಚ್ಚಿದರೆ ಹಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಬಾಗಿಲಿನ ಜೊತೆ ಮಡಚಿ ಬಿಚ್ಚುವ ವೈರ್ ಗೊಂಚಲನ್ನು ಬೆರಳಲ್ಲಿ ಸವರಿ. ಒಳಗೆ ತಂತಿ ತುಂಡಾದ ಕಡೆ ಮೆತ್ತಗೆ ಬಾಗುತ್ತದೆ.

ಎಲ್ಲ ಫ್ಯೂಸ್‌ಗಳಲ್ಲೂ ಸೊನ್ನೆ, ಕ್ಲಾಂಪ್ ಮಾತ್ರ ಅರ್ಧ ಆಂಪಿಯರ್ ತೋರಿಸುತ್ತಿದೆಯೇ? ಕ್ಲಾಂಪನ್ನು ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ) ದಪ್ಪ ವೈರಿಗೆ ಹಾಕಿ. ಅಲ್ಲೂ ಅಷ್ಟೇ ಬಂದರೆ ಅದರೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೋಗಿದೆ. ಫ್ಯೂಸ್ ಬಾಕ್ಸ್ ಬಿಟ್ಟು ಆಲ್ಟರ್ನೇಟರ್ ಬಿಚ್ಚಿ.